ಮರಳಂಚಿನ ದೇವಾಲಯದಲ್ಲಿ ಮೂರು ಆಮೆನ್

ನಗಬಾರದ ಜಾಗದಲ್ಲೇ ನಗು ಬರುವುದು. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ಸೀನಿದರೆ ಯಾರೂ ತಿರುಗಿ ನೋಡುವುದಿಲ್ಲ. ಅದೇ ಸೀನು ಪ್ರಾರ್ಥನೆಯ ನಡುವೆ ಬಂದರೆ ಹೊಟ್ಟೆ ಹಿಡಿದುಕೊಳ್ಳಬೇಕಾಗುತ್ತದೆ. ನಮ್ಮ ಕನ್ನಡ ಸಭೆ ಹುಟ್ಟಿದ ಮೊದಲ ವರ್ಷದಲ್ಲಿ ಇಂಥವು ಒಂದಾದ ಮೇಲೊಂದು ನಡೆದವು. ಆದರೆ ಆಗ ನಾವು ಯಾವುದಕ್ಕೂ ನಗಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಗುವಷ್ಟು ಧೈರ್ಯ ಇರಲಿಲ್ಲ.

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಗೋದಾಮುಗಳು ಮುಗಿದು, ಕಾರ್ಮಿಕರ ಕ್ಯಾಂಪುಗಳೂ ಮುಗಿದು, ಇನ್ನು ಮುಂದೆ ಬರೀ ಮರಳು ಎನ್ನುವಲ್ಲಿ ಒಂದು ಪುಟ್ಟ ಆಂಗ್ಲಿಕನ್ ದೇವಾಲಯವಿದೆ. ದುಬೈಯಲ್ಲಿ ಹಳ್ಳಿ ಎಲ್ಲಿಂದ ಬರಬೇಕು ಎನ್ನುವವರು ಅಲ್ಲಿಗೆ ಬಂದು ನೋಡಬೇಕು. ಬೇಲಿಯಾಚೆ ಒಂಟೆಗಳು ನಿಂತು ಆರಾಧನೆ ಮುಗಿಯುವುದನ್ನೇ ಕಾಯುತ್ತಿರುತ್ತವೆ, ಮಕ್ಕಳು ಹೊರಗೆ ಬಂದರೆ ಬಿಸ್ಕತ್ತು ಸಿಗುತ್ತದೆ ಎಂದು. ದೇವಾಲಯಕ್ಕೆ ಒತ್ತಿಕೊಂಡು ಒಂದು ಪೋರ್ಟಾ ಕ್ಯಾಬಿನ್, ತಂದು ಕೂರಿಸುವ ತಗಡಿನ ಕೋಣೆ. ಕಲ್ಲಿನ ಕಟ್ಟಡ ಏಳುವ ಮೊದಲು ಅದೇ ದೇವಾಲಯವಾಗಿತ್ತಂತೆ. ಈಗ ಅದನ್ನು ಹಾಲ್ ಎನ್ನುತ್ತಾರೆ.

ಸರ್ಕಾರ ವಾರದ ರಜೆಯನ್ನು ಶನಿವಾರ-ಭಾನುವಾರಕ್ಕೆ ಬದಲಾಯಿಸಿದಾಗ, ಅಷ್ಟು ವರ್ಷ ಶುಕ್ರವಾರ ಕೂಡುತ್ತಿದ್ದ ಅಲ್ಲಿನ ಇಂಗ್ಲಿಷ್ ಸಭೆ ಭಾನುವಾರಕ್ಕೆ ಹೋಯಿತು. ಶುಕ್ರವಾರ ಸಂಜೆ ಹಾಲ್ ಖಾಲಿ ಬಿತ್ತು. ನಾವು ಕೆಲವರು ಕನ್ನಡದವರು ಹೋಗಿ ಕೇಳಿದೆವು. ಈ ದೇಶದಲ್ಲಿ ಪರವಾನಗಿ ಇರುವ ಆವರಣದೊಳಗೆ ಮಾತ್ರ ಸೇರಿ ಆರಾಧನೆ ಮಾಡಬಹುದು. ಫ್ಲಾಟಿನಲ್ಲಿ, ಕ್ಯಾಂಪಿನಲ್ಲಿ ಗುಂಪುಕಟ್ಟಿ ಹಾಡುವಂತಿಲ್ಲ. ಆದ್ದರಿಂದ ಆ ಹಾಲ್ ಸಿಕ್ಕಿದರೆ ಸಭೆ, ಇಲ್ಲದಿದ್ದರೆ ಖಲಾಸ್.

ನಾನು ಅಲ್ಲೇ ಒಂದು ಕಾರ್ಖಾನೆಯ ಕ್ಲಿನಿಕ್ಕಿನಲ್ಲಿ ನರ್ಸ್. ಊರು ಉಡುಪಿ ಕಡೆ. ಕಾರ್ಯದರ್ಶಿ ಯಾರಾಗುತ್ತೀರಿ ಎಂದು ಕೇಳಿದಾಗ ಉಳಿದವರೆಲ್ಲ ಕಣ್ಣುಮುಚ್ಚಿ ಪ್ರಾರ್ಥನೆಗೆ ತೊಡಗಿದ್ದರಿಂದ ಆ ಕೆಲಸ ನನ್ನ ತಲೆಗೆ ಬಂತು.

ಯಾವ ಆಮೆನ್‌ಗೆ ಕಣ್ಣು ತೆರೆಯಬೇಕು?

ಹೊರಗಿನವರಿಗೆ ನಾವೆಲ್ಲ ಕನ್ನಡದ ಪ್ರೊಟೆಸ್ಟಂಟರು. ಒಳಗೆ ನೋಡಿದರೆ ಮೂರು ಮನೆ. ಕರಾವಳಿಯವರಿಗೆ ಜರ್ಮನಿಯ ಪಾದ್ರಿಗಳು ಕಲಿಸಿದ ರಾಗ, ನಾಲ್ಕು ಸ್ವರದಲ್ಲಿ, ನಿಧಾನವಾಗಿ, ಬೆನ್ನು ನೆಟ್ಟಗೆ. ಹುಬ್ಬಳ್ಳಿ-ಗದಗಿನ ಕಡೆಯವರಿಗೆ ಅದೇ ಹಾಡು ಭಜನೆಯ ಧಾಟಿಯಲ್ಲಿ, ತಬಲಾ ತಾಳದೊಡನೆ. ಮೈಸೂರಿನವರಿಗೆ ಮತ್ತೊಂದು. ಮಾತು ಒಂದೇ, ಧಾಟಿ ಮಾತ್ರ ಬೇರೆ. ಊರಿನಲ್ಲಿ ನಡುವೆ ಘಟ್ಟ ಇತ್ತು, ಜಗಳ ಇರಲಿಲ್ಲ. ಇಲ್ಲಿ ಎಲ್ಲರೂ ಒಂದೇ ಪೋರ್ಟಾ ಕ್ಯಾಬಿನ್ನಿನಲ್ಲಿ.

ಕರಾವಳಿಯವರ ಮುಂದಾಳು ನಮ್ಮ ಹಾಡಿನ ಮಾಸ್ತರರು. ಕೆಲಸ ಗೋದಾಮೊಂದರಲ್ಲಿ ಸೇಫ್ಟಿ ಆಫೀಸರ್. ಹಾಡಿನಲ್ಲೂ ಯಾರೂ ಗೆರೆ ದಾಟಬಾರದು. ಹುಬ್ಬಳ್ಳಿಯವರಿಗೆ ತಬಲಾದ ಅಣ್ಣ, ಫೋರ್ಕ್‌ಲಿಫ್ಟ್ ಚಾಲಕರ ಸೂಪರ್‌ವೈಸರ್. ಮೈಸೂರಿನವರ ಪಕ್ಷದಲ್ಲಿ ಇದ್ದದ್ದು ಒಬ್ಬ ಟೀಚರಮ್ಮ ಮತ್ತು ಅವರ ಗಂಡ. ಗಂಡ ಹಾಡುತ್ತಿರಲಿಲ್ಲ.

ಮೊದಲ ಆರಾಧನೆಗೆ ಇಂಗ್ಲಿಷ್ ಸಭೆಯ ಪಾದ್ರಿ, ನಾವು ಅಯ್ಯನವರು ಎನ್ನುವವರು, ಬಂದು ಹಿಂದೆ ನಿಂತರು. ಎತ್ತರದ, ಮೆಲುದನಿಯ ಮನುಷ್ಯ. ಮೊದಲ ಹಾಡಿಗೇ ಹಾಲ್ ಎರಡು ಹೋಳಾಯಿತು. ಮಾಸ್ತರರು ಕೀಬೋರ್ಡಿನ ದನಿ ಏರಿಸಿದರು. ಅಣ್ಣ ತಬಲಾ ಜೋರು ಮಾಡಿದರು. ಆಮೇಲೆ ಎಲ್ಲರೂ ಸೇರಿ ಹೇಳುವ ಪ್ರಾರ್ಥನೆ. ಅದನ್ನು ನಾವು ಒಟ್ಟಿಗೇ ಆರಂಭಿಸಿದೆವು. ಆದರೆ ಒಬ್ಬರದು ಹಳೆಯ ಅನುವಾದ, ಒಬ್ಬರದು ಹೊಸದು, ಟೀಚರಮ್ಮನದು ಅವರ ಅಜ್ಜಿ ಕಲಿಸಿದ್ದು. ಹೊಸದರವರು ಮೊದಲು ಗುರಿ ಮುಟ್ಟಿದರು, ಹಳೆಯದರವರು ಆಮೇಲೆ. ಕೊನೆಗೆ ಹಾಲಿನಲ್ಲಿ ಟೀಚರಮ್ಮನ ದನಿಯೊಂದೇ ಉಳಿಯಿತು. ಅವರು ಅವಸರ ಮಾಡಲಿಲ್ಲ.

ಆರಾಧನೆ ಮುಗಿದ ಮೇಲೆ ಅಯ್ಯನವರು ನನ್ನನ್ನು ಕರೆದು ಇಂಗ್ಲಿಷಿನಲ್ಲಿ ಹೇಳಿದರು. "ಸಿಸ್ಟರ್, ಒಂದು ವರ್ಷ ಹಾಲ್ ಬಳಸಿ. ಇನ್ನೊಂದು ಭಾಷೆಯವರೂ ಇದೇ ಹೊತ್ತು ಕೇಳಿದ್ದಾರೆ, ಕಾಯುತ್ತಿದ್ದಾರೆ. ವರ್ಷದ ಕೊನೆಗೆ ನಾನು ಬಂದು ಕೂತು ನೋಡುತ್ತೇನೆ. ನೀವು ಒಂದು ಸಭೆಯಾಗಿದ್ದರೆ ಮುಂದುವರಿಯಿರಿ. ಮೂರಾಗಿದ್ದರೆ ನನ್ನ ಹತ್ತಿರ ಮೂರು ಹಾಲ್ ಇಲ್ಲ."

ನಾನು ತಲೆಯಾಡಿಸಿದೆ. ಅವರು ಹೊರಟವರು ಬಾಗಿಲಲ್ಲಿ ನಿಂತು ಕೇಳಿದರು. "ಒಂದು ಸಂಶಯ. ಆಮೆನ್ ಮೂರು ಸಲ ಬಂತು. ನಾನು ಯಾವುದಕ್ಕೆ ಕಣ್ಣು ತೆರೆಯಬೇಕಿತ್ತು?"

ದೇವರ ರಜೆ

ಮಕ್ಕಳಿಗೆ ಪಾಠ ಹೇಳುವುದನ್ನು ಟೀಚರಮ್ಮ ವಹಿಸಿಕೊಂಡರು. ಅದರ ಹೆಸರು ಸಂಡೇಸ್ಕೂಲ್, ನಡೆಯುವುದು ಶುಕ್ರವಾರ. ಗಲ್ಫಿನಲ್ಲಿ ಹುಟ್ಟಿದ ಮಕ್ಕಳಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಟೀಚರಮ್ಮನಿಗೇ ಅದು ಗಂಟಲಲ್ಲಿ ಸಿಕ್ಕ ಮುಳ್ಳು.

"ದೇವರು ಲೋಕ ಸೃಷ್ಟಿ ಮಾಡಿ, ಕೊನೇಲಿ ಏನ್ಮಾಡಿದ್ರು ಮಕ್ಕಳೇ?"

"ರೆಸ್ಟ್!" ಎಂದವು ಎಲ್ಲವೂ.

"ಜಾಣರು. ಯಾವತ್ತು?"

ಮಕ್ಕಳು ಮುಖ ಮುಖ ನೋಡಿಕೊಂಡವು. ಅಪ್ಪನ ಆಫೀಸಿನ ರಜೆ ಬದಲಾದದ್ದನ್ನು ಮನೆಯಲ್ಲಿ ಎಲ್ಲರೂ ಮಾತಾಡಿದ್ದು ಕೇಳಿದ್ದ ಒಂದು ಹುಡುಗಿ ಎದ್ದು ನಿಂತಿತು. "ಫ್ರೈಡೇ ಹಾಫ್ ಡೇ ಆಂಟಿ, ಸ್ಯಾಟರ್ಡೇ ಸಂಡೇ ಫುಲ್ ಡೇ."

ಟೀಚರಮ್ಮ ತಿದ್ದಲು ಹೋಗಲಿಲ್ಲ. "ಇರ್ಲಿ ಬಿಡಿ ಸಿಸ್ಟರ್," ಎಂದರು ನನಗೆ. "ದೇವ್ರಿಗಾದ್ರೂ ಎರಡೂವರೆ ದಿನ ರಜ ಸಿಗ್ಲಿ. ಕ್ಯಾಂಪಿನೋರಿಗೆ ಒಂದೇ ದಿನ."

ಬಾಗಿಲ ಬಳಿಯ ಬೂಟುಗಳು

ಇಂಗ್ಲಿಷ್ ಸಭೆಯವರು ಬೂಟು ಹಾಕಿಕೊಂಡೇ ಒಳಗೆ ಹೋಗುತ್ತಾರೆ. ಹುಬ್ಬಳ್ಳಿ ಕಡೆಯವರಿಗೆ ಅದು ಆಗದ ಮಾತು. ಅಣ್ಣ ಮೊದಲ ದಿನವೇ ಹೇಳಿದರು. "ದೇವರ ಮುಂದ ಕಾಲ್ಮರಿ ಹಾಕ್ಕೊಂಡ ನಿಂದ್ರೂದ ಹೆಂಗ್ರಿ?" ಇದೊಂದು ವಿಷಯದಲ್ಲಿ ಮಾಸ್ತರರು ಎದುರು ಮಾತಾಡಲಿಲ್ಲ. ಎಲ್ಲರೂ ಬಾಗಿಲ ಹೊರಗೆ ಬಿಡತೊಡಗಿದೆವು. ಅಣ್ಣ ಅವನ್ನು ಸಾಲಾಗಿ, ಜೋಡಿ ಜೋಡಿಯಾಗಿ ಒಪ್ಪವಾಗಿ ಇಡುತ್ತಿದ್ದರು.

ಒಂದು ಶುಕ್ರವಾರ ಆರಾಧನೆ ಮುಗಿಸಿ ಹೊರಗೆ ಬಂದರೆ ಒಂದು ಜೊತೆಯೂ ಇಲ್ಲ. ಕಾವಲಿನ ಪಠಾಣನನ್ನು ಕೇಳಿದೆವು. ಅವನು ಖುಷಿಯಿಂದ ಹೇಳಿದ, ಗಾಡಿ ಬಂದು ತೆಗೆದುಕೊಂಡು ಹೋಯಿತು ಎಂದು. ಇಂಗ್ಲಿಷ್ ಸಭೆಯ ಹೆಂಗಸರು ಕ್ಯಾಂಪಿನ ಕಾರ್ಮಿಕರಿಗಾಗಿ ಪಾದರಕ್ಷೆ ಒಟ್ಟುಮಾಡುತ್ತಿದ್ದರು. ಒಳ್ಳೆಯ ಬೂಟಿದ್ದರೆ ಶುಕ್ರವಾರ ಹಾಲಿನ ಬಾಗಿಲಲ್ಲಿಡಿ ಎಂದು ತಮ್ಮವರಿಗೆ ಹೇಳಿದ್ದರಂತೆ. ಸಾಲಾಗಿ ಜೋಡಿಸಿಟ್ಟ ಬೂಟುಗಳನ್ನು ನೋಡಿ ಗಾಡಿಯವನಿಗೆ ಕಣ್ಣು ತುಂಬಿ ಬಂದಿರಬೇಕು.

ಬೇಸಗೆ. ಸಂಜೆಯಾದರೂ ಟಾರು ಕೆಂಡ. ರಸ್ತೆಯಾಚೆ ಕೆಫೆಟೇರಿಯಾ ಇಟ್ಟಿದ್ದ ಮಂಗಳೂರು ಕಡೆಯ ಬ್ಯಾರಿಯವರು ನಮ್ಮ ಕುಣಿತ ನೋಡಿ ಪಕ್ಕದ ಅಂಗಡಿಯಿಂದ ಒಂದು ಪೆಟ್ಟಿಗೆ ಬಾತ್‌ರೂಮ್ ಚಪ್ಪಲಿ ಹೊತ್ತು ಓಡಿಬಂದರು. ಎಲ್ಲವೂ ಒಂದೇ ನೀಲಿ. "ಯಲ್ಲಾ, ಹಾಕಿಕೊಳ್ಳಿ ಮಾರಾಯ್ರೆ. ದೇವರು ಒಳಗೆ ಬರುವಾಗ ಬರಿಗಾಲಲ್ಲಿ ಬನ್ನಿ ಅಂದದ್ದು, ಹೋಗುವಾಗ ಅಲ್ಲ." ಅಂದು ಇಡೀ ಸಭೆ ನೀಲಿ ಚಪ್ಪಲಿಯಲ್ಲಿ ಮನೆಗೆ ಹೋಯಿತು.

ನಾನು ಬೂಟು ವಾಪಸು ಕೇಳುವುದೆಂದು ಹೊರಟಿದ್ದೆ. ಅಷ್ಟರಲ್ಲಿ ಅಯ್ಯನವರು ಭಾನುವಾರದ ಪ್ರಸಂಗದಲ್ಲಿ, ಎಂದರೆ ಉಪದೇಶದಲ್ಲಿ, ನಮ್ಮನ್ನು ಹೊಗಳಿಬಿಟ್ಟರು. ತಮ್ಮವರಲ್ಲಿ ಮನೆಯಲ್ಲಿ ಬೇಡವಾದದ್ದನ್ನು ಕೊಟ್ಟವರಿದ್ದಾರೆ, ಕನ್ನಡದವರು ಕಾಲಲ್ಲಿದ್ದದ್ದನ್ನೇ ಕಳಚಿಕೊಟ್ಟು ಬರಿಗಾಲಲ್ಲಿ ನಡೆದರು ಎಂದು. ಇನ್ನು ಕೇಳುವ ಬಾಯಿ ಯಾರಿಗಿದೆ?

ಕೆಲವು ವಾರ ಕಳೆದು ಒಬ್ಬ ಹೊಸಬ ಬಂದ. ಗದಗ-ಬೆಟಗೇರಿಯ ಗೌಂಡಿ. ಹತ್ತಿರದ ಕ್ಯಾಂಪಿನಲ್ಲಿದ್ದವನು. ಅವನ ಕೋಣೆಯಲ್ಲಿ, ಕ್ಯಾಂಪಿನಲ್ಲೇ, ಕನ್ನಡ ಆಡುವವರು ಇನ್ನೊಬ್ಬರಿರಲಿಲ್ಲ. ಬೂಟು ಹಂಚಲು ಹೋದವರು ಇವನ ಊರು ಕೇಳಿ, ನಿಮ್ಮ ಭಾಷೆಯವರು ಅಲ್ಲಿ ಕೂಡುತ್ತಾರೆ ಎಂದು ಹೇಳಿದ್ದರು. ನಡೆದುಕೊಂಡೇ ಬಂದಿದ್ದ. ಆರಾಧನೆ ಮುಗಿದ ಮೇಲೂ ಎದ್ದು ಹೋಗದೆ, ಬೆಂಚಿನಲ್ಲಿ ಕೂತು ನಾವು ಆಡುವ ಮಾತನ್ನೇ ಕೇಳುತ್ತಿದ್ದ. ಚಹಾ ಕೊಡಲು ಹೋದ ನನಗೆ, "ಏನರ ಮಾತಾಡ್ರಿ ಅಕ್ಕಾರ, ಕೇಳ್ಕೊಂಡ ಕುಂದರ್ತೇನಿ" ಎಂದ. ನನಗೆ ಅಳು ಬಂತು.

ಅವನು ಹೊರಡುವಾಗ ಕಾಲಿಗೆ ಹಾಕಿಕೊಂಡದ್ದು ಮಾಸ್ತರರ ಕಂದು ಬೂಟು. ಮಾಸ್ತರರು ನೋಡಿದರು. ನಾನು ಅವರನ್ನು ನೋಡಿದೆ.

"ಒಳ್ಳೆಯ ಬೂಟು. ಎಲ್ಲಿ ತಗೊಂಡದ್ದು?" ಎಂದರು ಮಾಸ್ತರರು.

"ದೇವ್ರ ಕೊಟ್ಟಾನ್ರಿ," ಎಂದ ಗೌಂಡಿ. "ಅಳತಿ ತಗೊಂಡ ಮಾಡಿಸ್ದಂಗ ಕುಂತಾವ ನೋಡ್ರಿ."

ಅವನು ಗೇಟು ದಾಟಿದ ಮೇಲೆ ಮಾಸ್ತರರು ನನ್ನ ಕಡೆ ತಿರುಗಿದರು. "ದೇವರ ಸೈಜು, ನನ್ನ ಸೈಜು ಒಂದೇ ಅಂತ ಇಷ್ಟು ವರ್ಷ ಗೊತ್ತೇ ಇರ್ಲಿಲ್ಲ ಸಿಸ್ಟರ್."

ಮರಳಿನಲ್ಲಿ ಬೆಳೆಯ ಹಬ್ಬ

ಹೊಲದ ಮೊದಲ ಫಲವನ್ನು ತಂದು ದೇವರ ಮುಂದೆ ಇಡುವ ಬೆಳೆಯ ಹಬ್ಬ ನಮ್ಮೆಲ್ಲರ ಊರಲ್ಲೂ ಉಂಟು. ಅದನ್ನು ಮಾಡಲೇಬೇಕು ಎನ್ನುವುದರಲ್ಲಿ ಮೂರೂ ಮನೆಯವರು ಒಂದಾದರು. ತಾನೇ ಬೆಳೆದದ್ದನ್ನು ತರಬೇಕು ಎಂಬುದು ಕಟ್ಟಳೆ. ಇಲ್ಲಿ ನಮಗಿರುವ ಹೊಲ ಎಂದರೆ ಬಾಲ್ಕನಿ. ನಾನು ಕುಂಡದಲ್ಲಿ ಬೆಳೆದ ಕರಿಬೇವಿನ ಎರಡು ಕಡ್ಡಿ ಒಯ್ದೆ. ಟೀಚರಮ್ಮ ಪುದೀನ ತಂದರು. ಮಾಸ್ತರರು ದೇರಾ ಮಾರ್ಕೆಟ್ಟಿನಿಂದ ದೊಡ್ಡ ಕುಂಬಳಕಾಯಿ ಹೊತ್ತು ತಂದು ಎಲ್ಲದರ ಮುಂದೆ ಇಟ್ಟರು. ಅದರ ಮೇಲೆ ಅಂಗಡಿಯ ಸ್ಟಿಕ್ಕರು ಹಾಗೇ ಇತ್ತು.

"ಅದನ್ನಾದ್ರೂ ಕಿತ್ತು ತರಬಾರ್ದಿತ್ತಾ ಮಾಸ್ತರೇ?" ಎಂದರು ಟೀಚರಮ್ಮ.

"ದೇವರಿಗೆ ಗೊತ್ತಿಲ್ಲದ್ದು ಉಂಟಾ? ಸ್ಟಿಕ್ಕರ್ ತೆಗೆದ್ರೆ ಅದು ಮೋಸ ಆಗ್ತದೆ."

ಊರಲ್ಲಿ ಕೋಳಿ ಕೊಡುವ ವಾಡಿಕೆ ಅಣ್ಣನ ಮನೆಯದು. ಇಲ್ಲಿ ಅವರು ತಂದದ್ದು ಫ್ರೀಜರಿನ ಕೋಳಿ, ಕಲ್ಲಿನ ಹಾಗಿತ್ತು. ಅದನ್ನು ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಕುಂಬಳಕಾಯಿಯ ಪಕ್ಕದಲ್ಲಿ ಕೂರಿಸಿದರು. ಅಂದಿನ ಪ್ರಸಂಗ ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಿಂದ ಬಂದ ಅತಿಥಿಯದು. ಅವರಿಗೆ ಮಾತು ನಿಲ್ಲಿಸುವ ಅಭ್ಯಾಸವಿರಲಿಲ್ಲ. ಪ್ರಸಂಗ ಉದ್ದವಾಯಿತು, ಕೋಳಿ ಕರಗಿತು. ಮೇಜಿನಿಂದ ತೊಟ್ಟಿಕ್ಕತೊಡಗಿದಾಗ ಮುಂದಿನ ಸಾಲಿನ ಮಕ್ಕಳು ಒಬ್ಬೊಬ್ಬರಾಗಿ ಕಾಲೆತ್ತಿಕೊಂಡವು. ಅತಿಥಿಗಳು, ಮಕ್ಕಳು ಎಷ್ಟು ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದಾರೆ ಎಂದು ಮೆಚ್ಚಿ ಮತ್ತಷ್ಟು ಹೊತ್ತು ಮಾತಾಡಿದರು.

ಕೊನೆಗೆ ಬಂದವನು ಗೌಂಡಿ. ಅಷ್ಟರಲ್ಲಿ ಅವನ ಹಿಂದೆ ಸುತ್ತಲ ಕ್ಯಾಂಪುಗಳ ರಾಯಚೂರು, ಕಲಬುರಗಿ ಕಡೆಯವರೂ ಬರತೊಡಗಿದ್ದರು. ಎಲ್ಲರೂ ನಡೆದೇ ಬರುವವರು. ಗೌಂಡಿಯ ಹೆಗಲ ಮೇಲೆ ಒಂದು ಸಿಮೆಂಟ್ ಬ್ಲಾಕು. ಅದನ್ನು ತಂದು, ಮೇಜಿನ ಮೇಲೆ ಇಡಲು ನಾಚಿ, ಕೆಳಗೆ ಇಟ್ಟ.

"ದಿನಾ ಇದನ್ನ ಕಟ್ಟತೇನ್ರಿ ಅಕ್ಕಾರ. ನನ್ನ ಬೆಳಿ ಅಂದ್ರ ಇದ. ಫೋರ್ಮನ್ನಗ ಕೇಳೇ ತಂದೇನಿ."

ಎಲ್ಲರಿಗೂ ತಮ್ಮ ಕುಂಬಳಕಾಯಿ, ಕೋಳಿಗಳ ಬಗ್ಗೆ ಸ್ವಲ್ಪ ನಾಚಿಕೆಯಾಯಿತು. ಅಂದು ತನ್ನ ದಿನದ ದುಡಿಮೆಯನ್ನೇ ತಂದವನು ಅವನೊಬ್ಬನೇ.

ಬ್ಲಾಕನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂತು. ಮಾಸ್ತರರು ಅದನ್ನು ಎಳೆದುಕೊಂಡು ತಮ್ಮ ಜಾಗದಲ್ಲಿಟ್ಟು ಮೇಲೆ ಹತ್ತಿ ನಿಂತರು. ಅವರು ಕುಳ್ಳು. ನಿಂತು ಸುತ್ತ ನೋಡಿದರು, ಮುಖ ಗಂಭೀರವಾಯಿತು. "ಈಗ ಹಿಂದಿನ ಸಾಲು ಕಾಣ್ತದೆ. ಅವರು ಹಾಡ್ತಾ ಇದ್ದಾರೆ ಅಂತ ಇಷ್ಟು ದಿನ ನಂಬಿದ್ದೆ ಮಾರಾಯ್ರೆ."

ಎರಡು ಪೆಟ್ಟಿಗೆ

ಚಳಿಗಾಲ ಕಾಲಿಡುವ ಹೊತ್ತಿಗೆ ಗೌಂಡಿ ತೀರಿಕೊಂಡ. ಮಲಗಿದವನು ಏಳಲಿಲ್ಲ. ಹೃದಯ ಎಂದರು. ಊರಲ್ಲಿ ಹೆಂಡತಿ ಇದ್ದಳು, ಫೋನಿನಲ್ಲಿ ನಾನೇ ಮಾತಾಡಿದೆ. ಅವಳು ಒಂದೇ ಕೇಳಿದಳು. "ಅಲ್ಲಿಂದ ಕಳಸೂ ಮುಂದ ನಮ್ಮ ಹಾಡ ಹಾಡ್ರಿ ಬಾಯಾರ. ಅವರಿಗೆ ನಮ್ಮ ಧಾಟಿ ಬೇಕ್ರಿ." ಹಾಡಿಸುತ್ತೇನೆ ಎಂದು ಮಾತು ಕೊಟ್ಟೆ.

ಅವನ ಸಾಮಾನು ಕಟ್ಟುವಾಗ ಮಾಸ್ತರರೂ ಬಂದಿದ್ದರು. ಬಟ್ಟೆಗಳ ಮೇಲೆ ಕಂದು ಬೂಟು ಇತ್ತು, ಪಾಲಿಶ್ ಹಾಕಿ ಕಾಗದದಲ್ಲಿ ಸುತ್ತಿದ್ದು. ಕ್ಯಾಂಪಿನವರು ಇದು ಬೇಕೇ ಎಂದು ಕೇಳಿದರು. "ಕಳಿಸಿ. ಅವನದ್ದೇ," ಎಂದರು ಮಾಸ್ತರರು.

ಊರಿಗೆ ಕಳಿಸುವ ದೇಹಕ್ಕೆ ಮದ್ದು ಹಾಕಿ ಪೆಟ್ಟಿಗೆಯಲ್ಲಿಡುವ ಜಾಗ ಒಂದಿದೆ. ಪೆಟ್ಟಿಗೆ ಹೊರಗೆ ಬಂದು, ಗಾಡಿಗೆ ಏರುವ ಮೊದಲು ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ. ಆಗಲೇ ಪ್ರಾರ್ಥನೆ. ಅದು ಕೆಲಸದ ದಿನ. ಅಣ್ಣನೂ ಹುಬ್ಬಳ್ಳಿಯವರೂ ಅಬುಧಾಬಿಯ ಒಂದು ಕೆಲಸಕ್ಕೆ ಹೋಗಿದ್ದರು, ಅವರಿಗೂ ಕ್ಯಾಂಪಿನವರಿಗೂ ಬಿಡುವು ಸಿಗಲಿಲ್ಲ. ಬಂದವರು ನಾವು ಕರಾವಳಿಯವರು ಮಾತ್ರ. ಗೌಂಡಿಯ ಧಾಟಿ ನಮಗೆ ಯಾರಿಗೂ ಬರುತ್ತಿರಲಿಲ್ಲ. ಒಂದು ವರ್ಷ ಅದನ್ನು ಕೇಳದಿರಲೆಂದೇ ಗಟ್ಟಿಯಾಗಿ ಹಾಡಿದವರು ನಾವು.

"ನಮ್ಮ ರಾಗದಲ್ಲೇ ಹಾಡಿದ್ರೆ ದೇವರು ಬೇಡ ಅಂತಾನಾ?" ಎಂದರು ಯಾರೋ.

"ದೇವರು ಕೇಳಿದ್ದಲ್ಲ," ಎಂದರು ಮಾಸ್ತರರು. "ಹೆಂಡತಿ ಕೇಳಿದ್ದು."

ಪೆಟ್ಟಿಗೆ ಬಂತು. ಅಲ್ಲಿಯ ಸಿಬ್ಬಂದಿ ಏನೋ ಹೇಳಲು ಕೈಯೆತ್ತಿದ. ನಾವು ಅಷ್ಟರಲ್ಲಿ ತಲೆಬಾಗಿಸಿ ಆಗಿತ್ತು. ಮಾಸ್ತರರು ಆರಂಭಿಸಿದರು. ಭಜನೆಯ ಧಾಟಿಯಲ್ಲಿ, ತಬಲಾ ಇಲ್ಲದೆ, ಎಲ್ಲಿ ಏರಬೇಕೋ ಅಲ್ಲಿ ಇಳಿಯುತ್ತಾ, ಬೆವರುತ್ತಾ ಹಾಡಿದರು. ನಾವು ಹಿಂದಿನಿಂದ ಗೊಣಗಿದೆವು. ಆ ಮನುಷ್ಯ ಜೀವಮಾನದಲ್ಲಿ ಅಷ್ಟು ತಪ್ಪು ಹಾಡಿದ್ದಿಲ್ಲ. ಆದರೂ ಕೊನೆಯ ಚರಣದ ಹೊತ್ತಿಗೆ ನಮ್ಮೆಲ್ಲರ ಕಣ್ಣಲ್ಲಿ ನೀರು.

ಪಕ್ಕದಲ್ಲಿ ಒಬ್ಬ ಕೈಮುಗಿದು ನಿಂತಿದ್ದ, ಅಳುತ್ತಿದ್ದ. ಪ್ರಾರ್ಥನೆ ಮುಗಿದ ಮೇಲೆ ಹಿಂದಿಯಲ್ಲಿ ಕೇಳಿದ. "ನಮ್ಮ ಭಯ್ಯಾ ನಿಮಗೆಲ್ಲ ಹೇಗೆ ಪರಿಚಯ?"

ಅವನು ಬಿಹಾರದವನು. ಪೆಟ್ಟಿಗೆಯೂ ಬಿಹಾರದವರದ್ದು. ನಮ್ಮ ಗೌಂಡಿ ಇನ್ನೂ ಒಳಗಿದ್ದ. ಸಿಬ್ಬಂದಿ ಹೇಳಹೊರಟದ್ದು ಅದನ್ನೇ.

ಮಾಸ್ತರರು ಅವನ ಎದುರು ಹೋಗಿ ನಿಂತರು. ಬಾಯಿಗೆ ಬಂದ ಎಲ್ಲ ಭಾಷೆಯಲ್ಲೂ ಕ್ಷಮೆ ಕೇಳಿದರು. ಬಿಹಾರದವನು ಅವರ ಕೈ ಹಿಡಿದುಕೊಂಡ. ತಾನೊಬ್ಬನೇ ಬಂದಿದ್ದೇನೆ, ಹಾಡುವವರು ಯಾರೂ ಇರಲಿಲ್ಲ, ಯಾರ ಹಾಡಾದರೇನು, ಒಳ್ಳೆಯದಾಯಿತು ಎಂದ. ಆಮೇಲೆ ಗೌಂಡಿಯ ಪೆಟ್ಟಿಗೆ ಬಂತು. ಮತ್ತೊಮ್ಮೆ ಹಾಡಿದೆವು. ಬಿಹಾರದವನು ತನ್ನ ಗಾಡಿಯನ್ನು ನಿಲ್ಲಿಸಿಕೊಂಡು ನಮ್ಮವನಿಗಾಗಿಯೂ ಕೈಮುಗಿದು ನಿಂತ.

ಸಂಜೆ ಅಣ್ಣ ಮಾಸ್ತರರಿಗೆ ಫೋನು ಮಾಡಿದರು. ಬರಲಾಗಲಿಲ್ಲವೆಂದು ಅತ್ತರು. ಮಾಸ್ತರರು ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಒಪ್ಪಿಸಿದರು. ಅಣ್ಣ ಕೇಳಿದರು. "ಹೋಗ್ಲಿ ಬಿಡ್ರಿ. ಎರಡನೇ ಸಲಾನರ ಧಾಟಿ ಸರಿ ಬಂತೇನ್ರಿ?"

"ಇಲ್ಲ ಮಾರಾಯ್ರೆ," ಎಂದರು ಮಾಸ್ತರರು. "ಮೊದಲನೆಯದ್ದೇ ಚಂದ ಬಂದದ್ದು. ಬಿಹಾರದವನ ಪುಣ್ಯ."

ಯಾರ ಧಾಟಿ ಸರಿ

ವರ್ಷ ತುಂಬುತ್ತ ಬಂತು. ಅಯ್ಯನವರು ಬರುವ ಶುಕ್ರವಾರ ನಿಗದಿಯಾಯಿತು. ಕಾದು ನಿಂತಿದ್ದ ಇನ್ನೊಂದು ಭಾಷೆಯವರು ಬಂದು ಹಾಲಿನ ಉದ್ದಗಲ ಅಳೆದು ಹೋದರು, ಕುರ್ಚಿ ಎಷ್ಟು ಹಿಡಿಯುತ್ತದೆ ಎಂದು. ನಮಗೆ ನಮಸ್ಕಾರವನ್ನೂ ಮಾಡಿದರು, ಮನೆ ಖಾಲಿ ಮಾಡುವವರಿಗೆ ಹೊಸ ಬಾಡಿಗೆದಾರರು ಮಾಡುವಂತೆ.

ಅಂದು ಯಾವ ಧಾಟಿಯಲ್ಲಿ ಹಾಡುವುದು ಎಂದು ತೀರ್ಮಾನಿಸಲು ಕೂಟ ಕರೆದೆ. ಹಳೆಯ ಜಗಳವೇ. ಕರಾವಳಿಯವರೊಬ್ಬರು, ತೀರಿಹೋದವನಿಗೆ ಅವರ ಧಾಟಿ ಹಾಡಿದ್ದು ಸಾಲದೇ ಎಂದರು. ಹುಬ್ಬಳ್ಳಿಯವರೊಬ್ಬರು, ಬದುಕಿದ್ದವರಿಗೆ ಕಿವಿ ಇಲ್ಲೇನ್ರಿ ಎಂದರು. ಮಾಸ್ತರರೂ ಅಣ್ಣನೂ ಮಾತ್ರ ತುಟಿ ಬಿಚ್ಚಲಿಲ್ಲ. ಇಬ್ಬರೂ ಹಟ ಹಿಡಿದಿದ್ದಾರೆ ಎಂದು ನನಗೆ ಸಿಟ್ಟು ನೆತ್ತಿಗೇರಿತು.

"ಈ ಹಾಲ್ ಹೋದರೆ ನಿಮಗೆ ಏನೂ ಆಗುವುದಿಲ್ಲ," ಎಂದೆ. "ನಿಮಗೆ ಕಾರು ಉಂಟು. ಪೇಟೆಯ ದೊಡ್ಡ ದೇವಾಲಯಕ್ಕೆ ಹೋಗಿ ಇಂಗ್ಲಿಷಿನಲ್ಲಿ ಹಾಡಿ ಬರ್ತೀರಿ. ಹಿಂದಿನ ಬೆಂಚಿನವರಿಗೆ ಇರುವುದು ಕಾಲು. ಅವರು ಎಲ್ಲಿಗೆ ನಡೆಯಬೇಕು?"

ಹಿಂದಿನ ಬೆಂಚಿನ ಕ್ಯಾಂಪಿನವರು ನೆಲ ನೋಡಿದರು. ಕೂಟ ತೀರ್ಮಾನವಿಲ್ಲದೆ ಮುಗಿಯಿತು.

ಆ ಶುಕ್ರವಾರ ಅಯ್ಯನವರು ಬಂದು ನನ್ನ ಪಕ್ಕದಲ್ಲಿ ಕೂತರು. ಸಭೆ ತುಂಬಿತ್ತು. ಮಾಸ್ತರರು ಕೀಬೋರ್ಡಿಲ್ಲದೆ ಬಂದರು. ಏನಾಯಿತು ಎಂದು ಸನ್ನೆ ಮಾಡಿದೆ. ಮನೆಯಲ್ಲೇ ಉಂಟು ಎಂದು ಸನ್ನೆ ಮಾಡಿದರು. ಅಣ್ಣ ಒಳಗೆ ಬಂದರು, ತಬಲಾ ಇಲ್ಲ. ಮುಗಿಯಿತು, ಇಬ್ಬರೂ ಮುನಿಸಿಕೊಂಡು ಹಾಡುವುದನ್ನೇ ಬಿಟ್ಟಿದ್ದಾರೆ ಎಂದುಕೊಂಡೆ.

ಹಾಡು ಬಂತು. ಎಲ್ಲರೂ ಎದ್ದೆವು. ಮಾಸ್ತರರು ಉಸಿರೆಳೆದುಕೊಂಡು ಎತ್ತಿದರು; ಭಜನೆಯ ಧಾಟಿ! ಏರಬೇಕಾದಲ್ಲಿ ಏರಿತು, ಇಳಿಯಬೇಕಾದಲ್ಲಿ ಇಳಿಯಿತು. ಅವರ ಹಿಂದೆ ಕರಾವಳಿಯವರೆಲ್ಲ ಅದೇ ಧಾಟಿಯಲ್ಲಿ. ಪೆಟ್ಟಿಗೆ ಕಳಿಸಿದ ದಿನ ಸರಿ ಬಾರದ್ದು ಮಾಸ್ತರರನ್ನು ಇರಿಯುತ್ತಿತ್ತಂತೆ. ಬೆಟಗೇರಿಯ ಆ ಹೆಂಡತಿಗೇ ಫೋನು ಮಾಡಿ ಹಾಡಿಸಿಕೊಂಡು ಕಲಿತಿದ್ದರಂತೆ. ನಮ್ಮವರಿಗೆ ಗುಟ್ಟಾಗಿ ಕಲಿಸಿಯೂ ಇದ್ದರು. ಕಾರ್ಯದರ್ಶಿಗೆ ಮಾತ್ರ ಹೇಳಿರಲಿಲ್ಲ.

ನನಗೆ ಸಂತೋಷಪಡಲು ಸಮಯ ಸಿಗಲಿಲ್ಲ. ಆ ಕಡೆಯಿಂದ ಅದೇ ಕ್ಷಣದಲ್ಲಿ ಅಣ್ಣನ ದನಿ ಎದ್ದಿತ್ತು, ಜರ್ಮನಿಯ ರಾಗದಲ್ಲಿ. ನಿಧಾನವಾಗಿ, ಬೆನ್ನು ನೆಟ್ಟಗೆ. ಹುಬ್ಬಳ್ಳಿಯವರೆಲ್ಲ ಅವರ ಹಿಂದೆ. ನಮ್ಮ ಗೌಂಡಿಗಾಗಿ ಅಷ್ಟು ಮಾಡಿದವರಿಗೆ ನಾವೂ ಇಷ್ಟು ಮಾಡೋಣ ಎಂದು ಅವರೂ ಗುಟ್ಟಾಗಿ ಕಲಿತು ಬಂದಿದ್ದರು.

ಮೊದಲ ದಿನ ಹೇಗೆ ಎರಡು ಹೋಳಾಗಿತ್ತೋ ಹಾಗೆಯೇ ಹಾಲ್ ಎರಡು ಹೋಳಾಯಿತು. ತಪ್ಪು ಗೊತ್ತಾದರೂ ಇಬ್ಬರೂ ಬಿಡಲಿಲ್ಲ. ಸೋತುಕೊಡುವ ಹಟ ಗೆಲ್ಲುವ ಹಟಕ್ಕಿಂತ ದೊಡ್ಡದು. ಎರಡನೆಯ ಚರಣಕ್ಕೆ ಮಾಸ್ತರರು ತಡೆಯಲಾರದೆ ತಮ್ಮ ಹಳೆಯ ರಾಗಕ್ಕೆ ದಾಟಿದರು. ಅದೇ ಹೊತ್ತಿಗೆ ಅಣ್ಣ ಭಜನೆಗೆ ದಾಟಿದರು. ಅಲ್ಲಿಂದ ಮುಂದೆ ಯಾರು ಎಲ್ಲಿದ್ದಾರೆಂದು ದೇವರಿಗೇ ಗೊತ್ತು. ಹಿಂದಿನ ಬೆಂಚಿನವರು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನೂ.

ಹಾಡು ಹೇಗೋ ಮುಗಿಯಿತು. ಅಯ್ಯನವರು ಎದ್ದು ಮುಂದೆ ಹೋಗಿ ಮೆಲುದನಿಯಲ್ಲಿ ಕೇಳಿದರು, ನಾನು ಕನ್ನಡದಲ್ಲಿ ಹೇಳಿದೆ. "ಇದರಲ್ಲಿ ಸರಿಯಾದ ಧಾಟಿ ಯಾವುದು ಎಂದು ಕೇಳುತ್ತಿದ್ದಾರೆ."

"ಅವರದ್ದು," ಎಂದು ಮಾಸ್ತರರು ಅಣ್ಣನ ಕಡೆ ಕೈ ತೋರಿಸಿದರು.

"ಏ, ಇಲ್ರೀ! ಅವರದ ಖರೇದ," ಎಂದರು ಅಣ್ಣ.

"ಎಂತ ಮಾತಾಡ್ತೀರಿ ಮಾರಾಯ್ರೆ? ನಿಮ್ಮದೇ ಸರಿ."

"ನಾ ಹೇಳಾಕತ್ತೇನಲ್ರಿ ನಿಮ್ಮದ ಅಂತ!"

ಇಬ್ಬರ ದನಿಯೂ ಏರಿತು. ಇಬ್ಬರ ಹಿಂದೆಯೂ ಅವರವರ ಪಕ್ಷ ಎದ್ದು ನಿಂತಿತು. ಅಯ್ಯನವರು ನನ್ನ ಕಡೆ ಬಾಗಿ, ಇದು ಹೋದ ವರ್ಷದ ಜಗಳವೇ ಎಂದು ಕೇಳಿದರು.

"ಅದೇ ಜಗಳ ಫಾದರ್," ಎಂದೆ. "ಆಗ ತಮ್ಮದೇ ಸರಿ ಅನ್ನುತ್ತಿದ್ದರು. ಈಗ ಒಬ್ಬರು ಇನ್ನೊಬ್ಬರದೇ ಸರಿ ಅನ್ನುತ್ತಿದ್ದಾರೆ."

ಅವರು ತಲೆತಗ್ಗಿಸಿ ನಿಂತರು. ಭುಜ ಅಲುಗುತ್ತಿತ್ತು. ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ಇಂದಿಗೂ ತಿಳಿಯದು. ಆಗಲೇ ಮುಂದಿನ ಸಾಲಿನಿಂದ ಟೀಚರಮ್ಮ ಎದ್ದರು. ಇಡೀ ವರ್ಷ ಒಂಟಿಯಾಗಿ ಹಾಡಿದ ಹೆಂಗಸು.

"ಅಲ್ಲ ಕಣ್ರೀ," ಎಂದರು. "ಇವ್ರದನ್ನ ಅವ್ರು ಹಾಡಿದ್ದಾಯ್ತು, ಅವ್ರದನ್ನ ಇವ್ರು ಹಾಡಿದ್ದಾಯ್ತು. ನಮ್ ಮೈಸೂರಿನ ಧಾಟಿ ಹಾಡೋರು ಯಾರು?"

ಏನಂತೆ ಎಂದು ಅಯ್ಯನವರು ನನ್ನನ್ನು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಟೀಚರಮ್ಮನನ್ನು ನೋಡಿದರು, ಮಾಸ್ತರರನ್ನು ನೋಡಿದರು, ಅಣ್ಣನನ್ನು ನೋಡಿದರು, ಹಿಂದಿನ ಬೆಂಚಿನವರನ್ನು ನೋಡಿದರು.

"ಇನ್ನೊಂದು ವರ್ಷ ಕೊಡೋಣ ಎಂದುಕೊಂಡು ಬಂದಿದ್ದೆ," ಎಂದರು. "ಇದು ಒಂದು ವರ್ಷದಲ್ಲಿ ಮುಗಿಯುವ ವಿಷಯವಲ್ಲ. ಹಾಲ್ ನಿಮ್ಮ ಹತ್ತಿರವೇ ಇರಲಿ."